ಮನೆಯಳಿಯ ತಂದ ಮೂರು ಕೋಳಿ

ಮಾಸೂರಿಗೆ ಮನೆಯಳಿಯನಾಗಿ ಬಂದ ನನಗೆ ನಮ್ಮ ಅತ್ತೆ ಚೌಡವ್ವನವರ ಮನೆಯಲ್ಲಿ ಮಾನಮರ್ಯಾದೆಗೆ ಏನೂ ಕೊರತೆಯಿಲ್ಲ. ಬೆಳಗಾದರೆ ಮೊದಲು ಎತ್ತುಗಳಿಗೆ ಮೇವು, ಆಮೇಲೆ ಎಮ್ಮೆಗೆ ಹಿಂಡಿ, ಆಮೇಲೆ ಹಿತ್ತಲಿನ ಕೋಳಿಗಳಿಗೆ ಕಾಳು, ಅದಾದ ಕೂಡಲೇ ನನಗೆ ರೊಟ್ಟಿ. (ನಾಯಿಗೆ ನನ್ನ ನಂತರವೇ. ಅಷ್ಟರಮಟ್ಟಿಗೆ ಅತ್ತೆಯವರು ನ್ಯಾಯವಂತರು.)

ಈ ಮನೆಯಲ್ಲಿ ಗದ್ದೆ ಅವರದು, ಎಮ್ಮೆ ಅವರದು, ನನ್ನ ಹೆಂಡತಿ ಶಾರವ್ವ ಕೂಡ ಮೊದಲು ಅವರ ಮಗಳು, ಬಿಡುವಾದಾಗ ನನ್ನ ಹೆಂಡತಿ. ನನ್ನದು ಅಂತ ಏನಾದರೂ ಇರಬೇಕಲ್ಲ? ಅದಕ್ಕೇ ನಮ್ಮೂರು ತಡಸಕ್ಕೆ ಹೋದವನು ನಮ್ಮವ್ವ ತಿಪ್ಪವ್ವನ ಹತ್ತಿರ ಮೂರು ಬಿಳಿ ಕೋಳಿ ಕೇಳಿ ತಂದೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಮೋಟಾರು ಕೆಮ್ಮಿ ಕೆಮ್ಮಿ ನಿಲ್ಲುತ್ತ ಬಂತು. ಇಳಿಯುವಷ್ಟರಲ್ಲಿ ನಾನೂ ಕೋಳಿಗಳೂ ಒಂದೇ ಬಣ್ಣವಾಗಿದ್ದೆವು.

ಮೈ ತೊಳೆಸಿ, ಅವನ್ನು ಠೀವಿಯಿಂದ ಹಿತ್ತಲಿಗೆ ಬಿಟ್ಟೆ. ಅಲ್ಲಿನ ಪಟ್ಟದರಸಿ ಕೆಂದಿ ಎಂಬ ಮುದಿ ಹೇಂಟೆ. ಆಕೆ ಬಂದಳು, ನೋಡಿದಳು, ಮೊದಲನೆಯದರ ನೆತ್ತಿಗೆ ಕುಕ್ಕಿದಳು. ಉಳಿದ ಪರಿವಾರವೂ ಕೈಜೋಡಿಸಿತು. ಅರೆಗಳಿಗೆಯಲ್ಲಿ ನನ್ನ ಸರ್ವಸ್ವವೂ ಕಟ್ಟಿಗೆ ರಾಶಿಯ ಹಿಂದೆ ಅಡಗಿತ್ತು.

"ಅಳೇಂದ್ರ, ಹೊಸಾ ಕೋಳೀನ ಹಂಗ ಒಮ್ಮಿಗೇಲೆ ಬಿಡಬಾರದ್ರಿ" ಎಂದರು ಅತ್ತೆ. "ನಾಕು ದಿನಾ ಬುಟ್ಟಿ ಬೋರಲ ಹಾಕಿ ಅದರಾಗ ಇಡ್ರಿ. ಇವು ಅವನ್ನ ನೋಡ್ಲಿ, ಅವು ಇವನ್ನ ನೋಡ್ಲಿ."

"ತಡಸದ ಕೋಳಿ ಬುಟ್ಟ್ಯಾಗ ಕುಂದ್ರೂ ಪೈಕಿ ಅಲ್ರಿ ಅತ್ತಿ. ನಿಮ್ಮ ಕೆಂದಿಗೆ ಒಂಚೂರು ಬುದ್ಧಿ ಹೇಳ್ರಿ."

"ಕೆಂದಿ ಈ ಹಿತ್ತಲದಾಗ ಹುಟ್ಟೇತ್ರಿ." (ನೀನು ಹುಟ್ಟಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ಮನಸ್ಸು.) "ದೀವಳಿಗಿ ಆದಮ್ಯಾಲ ನಿಮ್ಮವ್ವಾರು ಬರ್ತಾರಲ್ಲ, ಅಷ್ಟರಾಗ ಹೊಂದಿಕೊಂಡ್ರ ಚಲೋ. ಇಲ್ಲಾಂದ್ರ ಅವರ ಕೂಡ ವಾಪಸ್ ಕಳಸೂದ. ದಿನಾ ಈ ಗದ್ದಲ ನನಗ ಬ್ಯಾಡ."

ಅವ್ವ ಆ ಕೋಳಿಗಳನ್ನು ಹೊತ್ತುಕೊಂಡು ತಡಸದಲ್ಲಿ ಇಳಿದರೆ ಮುಗಿಯಿತು. ಮೂರು ಕೋಳಿಗೆ ಜಾಗ ಸಿಗದ ಮನೆಯಲ್ಲಿ ಗುತ್ತೆಪ್ಪನಿಗೆ, ಅಂದರೆ ನನಗೆ, ಎಷ್ಟು ಜಾಗವಿದೆಯೆಂದು ನಮ್ಮ ದಾಯಾದಿಗಳು ಕಟ್ಟೆಯ ಮೇಲೆ ಕೂತು ಅಳೆಯುತ್ತಾರೆ. ಮತ್ತೆ ಆ ಊರಿಗೆ ಮುಖ ತೋರಿಸುವುದು ಹೇಗೆ?

ಬಡಿಗೆ ಹಿಡಿದು ಕಾವಲಿಗೆ ನಿಂತೆ. ಕೆಂದಿ ನನ್ನ ಹಿಮ್ಮಡಿಗೇ ಕುಕ್ಕಿತು. ಅದನ್ನು ಉಜ್ಜಿಕೊಳ್ಳುತ್ತ ಕೂತಿದ್ದಾಗ ನನಗೆ ಜ್ಞಾನೋದಯವಾಯಿತು: ಅವು ಕೆಂಪು, ಇವು ಬಿಳಿ. ತಂಟೆಯ ಮೂಲವೇ ಬಣ್ಣ.

ಸ್ವಲ್ಪ ಹೊತ್ತಿಗೆ ಶಾರವ್ವ ಒಳಗಿನಿಂದ ಕೂಗಿದಳು. "ಏನ್ರಿ, ಗ್ವಾಡಿಗೆ ಹಚ್ಚಾಕ ಕೆಮ್ಮಣ್ಣ ಕಲಸಿ ಇಟ್ಟಿದ್ನೆಲ್ಲ, ಎಲ್ಲಿ?"

"ಕೋಳಿ ಮ್ಯಾಲ ಐತಿ."

"ಕೋಳಿ ಮ್ಯಾಲ?"

"ಬಣ್ಣ ಒಂದಾದ್ರ ಭೇದ ಎಲ್ಲಿ ಉಳೀತತಿ? ನಿನಗ ತಿಳಿಯಂಗಿಲ್ಲ ಬಿಡು."

"ಹಂಗಾರ ಗ್ವಾಡಿಗೆ ಏನ ಹಚ್ಚಲಿ? ನಿಮ್ಮ ಶ್ಯಾಣ್ಯಾತನಾನ?"

ಅಷ್ಟರಲ್ಲಿ ಕೆಮ್ಮಣ್ಣು ಮೆತ್ತಿಕೊಂಡ ಆ ಮೂರು ಆಕೃತಿಗಳನ್ನು ಕಂಡು ಹಿತ್ತಲಿಗೆ ಹಿತ್ತಲೇ ಕಿರುಚಿ, ಮೊದಲಿನ ಎರಡರಷ್ಟು ಸಿಟ್ಟಿನಿಂದ ಮೇಲೆ ಬಿತ್ತು. ಅದು ಹಾಗಿರಲಿ. ನನ್ನವೇ ಮೂರು, ಒಂದೇ ಕಾವಿಗೆ ಹುಟ್ಟಿದವು, ಒಂದನ್ನೊಂದು ಗುರುತಿಸದೆ ಕಾದಾಡತೊಡಗಿದವು. ಬಿಡಿಸಲು ಹೋದ ನನ್ನ ಧೋತರ, ಮೀಸೆ ಎಲ್ಲ ಕೆಂಪಾಯಿತು.

ಅತ್ತೆ ಬಂದು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. (ಬೈದಿದ್ದರೆ ಎಷ್ಟೋ ವಾಸಿಯಿತ್ತು.) ಬಿಸಿನೀರು ತಂದು ಕೋಳಿಗಳನ್ನು ತೊಳೆದು, ಒರೆಸಿ, ದೊಡ್ಡ ಬುಟ್ಟಿಯ ಕೆಳಗೆ ಇಟ್ಟು ನುಚ್ಚು ಹಾಕಿದರು. ಕೆಲವು ದಿನ ಬಿಟ್ಟು ಬುಟ್ಟಿ ಎತ್ತಿದಾಗ ಕೆಂದಿ ಶಾಸ್ತ್ರಕ್ಕೆ ಒಂದೆರಡು ಸಲ ಕುಕ್ಕಿ ಸುಮ್ಮನಾಯಿತು. ಸಂಜೆಯ ಹೊತ್ತಿಗೆ ಎಲ್ಲವೂ ಕೂಡಿ ತಿಪ್ಪೆ ಕೆದರುತ್ತಿದ್ದವು.

ಹಬ್ಬ ಮುಗಿದು ಅವ್ವ ಬಂದಳು. ಹಿತ್ತಲಿಗೆ ಕರೆದೊಯ್ದು ಎದೆಯುಬ್ಬಿಸಿ ಹೇಳಿದೆ: "ನೋಡು ಯವ್ವಾ, ಎಲ್ಲಾ ನಾನ ಹೊಂದಿಸೇನಿ."

"ಹೌದ್ರಿ ಬೀಗ್ತಿ" ಎಂದರು ಹಿಂದೆಯೇ ಬಂದ ಅತ್ತೆ. "ಕೆಮ್ಮಣ್ಣ ಹಚ್ಚಿದ್ದು ಅವರ."

"ಅತ್ತಿ, ಬಂದವರ ಮುಂದ ಇದೆಲ್ಲ ಯಾಕ್ರಿ?"

"ಇದ್ದದ್ದ ಹೇಳಿದೆ."

"ನಿಮ್ಮ ಕೆಂದಿ ಸೊಕ್ಕಿನ ಕೋಳಿ ಅಂತ ಯಾಕ ಹೇಳವಲ್ರಿ?"

ಅದೇ ಸಮಯಕ್ಕೆ ಕೆಂದಿ ಬಂದು ಅವ್ವನ ಕಣ್ಣೆದುರಿಗೇ ನನ್ನ ಹಿಮ್ಮಡಿಗೆ ಕುಕ್ಕಿತು. ನಾನು ಚಪ್ಪಲಿ ತೆಗೆದು ಎಸೆದೆ. ಕೆಂದಿ ಸರಿಯಿತು, ಚಪ್ಪಲಿ ಅತ್ತೆಯವರ ನೀರಿನ ಕೊಡಕ್ಕೆ ಬಿತ್ತು. ಶಾರವ್ವ ನನ್ನ ಮೇಲೆ, ನಾನು ಅತ್ತೆಯ ಮೇಲೆ ರೇಗಾಡಿದೆವು. ತಡಸದ ಮೂರೂ ಕೋಳಿಗಳು ಕೆಂದಿಯ ಹಿಂದೆ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

ಅವ್ವ ಎಲ್ಲವನ್ನೂ ನೋಡಿ ಸೆರಗು ಕೊಡವಿದಳು. "ಗುತ್ತ್ಯಾ, ಕೋಳಿ ಹೊಂದಿಕೊಂಡಾವು. ಹೊಂದಿಕೊಳ್ಳದಾಂವ ನೀ ಒಬ್ಬನ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ಬೀಗ್ತಿ, ಗದ್ದಲ ಮಾಡಿದ್ದನ್ನ ವಾಪಸ್ ಕಳಸ್ತೇನಿ ಅಂದಿದ್ರಂತ. ಈ ಗುತ್ತ್ಯಾನ್ನ ಕರ್ಕೊಂಡ ಹೊಕ್ಕೇನಿ."

"ನಿಮ್ಮ ಮನಸ್ಸಿದ್ದಂಗ್ರಿ" ಎಂದರು ಅತ್ತೆ, ಬಹಳ ಸಂಕಟಪಟ್ಟು.

ನಾನು ಶಾರವ್ವನ ಕಡೆ ನೋಡಿದೆ. ಆಕೆಯ ಮುಖ ಬಾಡಿತ್ತು. ಓಡಿ ಬಂದು ಅವ್ವನ ಕೈ ಹಿಡಿದಳು. "ಬ್ಯಾಡ್ರಿ ಅತ್ತಿ, ಈಗ ಕರ್ಕೊಂಡ ಹೋಗಬ್ಯಾಡ್ರಿ." ನಾನು ಮೀಸೆ ತಿರುವಿದೆ. ಎಷ್ಟಾದರೂ ಕೈಹಿಡಿದವಳು.

"ಗದ್ದಿ ಕೊಯ್ಲಿಗೆ ಬಂದೈತ್ರಿ. ಆಳೆಲ್ಲಾ ಪಲ್ಟನ್ನಿಗೆ ಹೋಗ್ಯಾರ, ಒಬ್ಬರೂ ಸಿಗವಲ್ರು. ಭತ್ತ ಮನಿಗೆ ಬಂದ ಮ್ಯಾಲ ಕರ್ಕೊಂಡ ಹೋಗ್ರಿ."

ಮೂವರು ಹೆಂಗಸರೂ ಒಪ್ಪಿದರು. ಕೋಳಿಗಳು ಈ ಮನೆಯಲ್ಲಿ ಖಾಯಂ ಆದವು. ನಾನು ಸುಗ್ಗಿಯವರೆಗೆ ಇದ್ದೇನೆ.