ಹೊಲ ಹದವಾಗಿರುವುದು ದೃಢಪಟ್ಟಿರುತ್ತದೆ

ಲೇಖನವೆಂಬುದನ್ನು ಬರೆಯುತ್ತಿರುವುದು ಇದೇ ಪ್ರಥಮ ಬಾರಿಯಾದ ಕಾರಣ, ತಪ್ಪುಗಳು ಕಂಡುಬಂದಲ್ಲಿ ಓದುಗ ಮಹಾಶಯರು ಮನ್ನಿಸಬೇಕಾಗಿ ವಿನಂತಿ. ಕಚೇರಿಯಲ್ಲಿ ನಾನು ಮೂವತ್ತೆರಡು ವರ್ಷ ಬರೆದದ್ದೆಲ್ಲ ಪತ್ರಗಳೇ. ಪತ್ರಕ್ಕೆ ಉತ್ತರ ಬರುತ್ತಿತ್ತು, ಇಲ್ಲವೇ ಜ್ಞಾಪನ ಬರುತ್ತಿತ್ತು. ಇದಕ್ಕೆ ಏನು ಬರುವುದೋ ತಿಳಿಯದು.

ಬ್ಯಾಡಗಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಕೂಡಿ ನಡೆಯುವ ಹನ್ನೊಂದು ಜನರ ಬಳಗವೊಂದು ಅಸ್ತಿತ್ವದಲ್ಲಿದೆ. ಅದರ ಕಾರ್ಯದರ್ಶಿಯವರು ಮಗಳ ಊರಿಗೆ ಹೋಗಿ ನೆಲೆಸಿದ್ದರಿಂದ ತೆರವಾದ ಸ್ಥಾನಕ್ಕೆ ನನ್ನನ್ನು ಹಂಗಾಮಿಯಾಗಿ ನೇಮಿಸಲಾಗಿತ್ತು. ಈ ಹಂಗಾಮಿ ಎಂಬ ಶಬ್ದವು ಜನ್ಮದಲ್ಲಿ ನನ್ನ ಬೆನ್ನು ಬಿಟ್ಟಿಲ್ಲ. ಹಂಗಾಮಿ ಗುಮಾಸ್ತನಾಗಿ ಕೆಲಸಕ್ಕೆ ಸೇರಿ, ಹಂಗಾಮಿ ಮುಖ್ಯ ಗುಮಾಸ್ತನಾಗಿ ನಿವೃತ್ತನಾದವನು ನಾನು. ಖಾಯಂ ಕುರ್ಚಿಯಲ್ಲಿ ಒಂದು ದಿನವೂ ಕುಳಿತವನಲ್ಲ. ಆದ್ದರಿಂದ ಬಳಗದ ಅಧ್ಯಕ್ಷರೂ ಕಬ್ಬಿಣದ ಅಂಗಡಿಯ ಮಾಲೀಕರೂ ಆದ ಬಸಣ್ಣನವರು, "ಚಳಿಗಾಲದ ದೊಡ್ಡ ನಡಿಗಿ ಒಂದು ನೀಟಾಗಿ ಮಾಡಿಸ್ರಿ, ನಿಮ್ಮನ್ನ ಖಾಯಂ ಮಾಡೂಣಂತ" ಎಂದು ಹೇಳಿದಾಗ ನನಗೆ ಎರಡು ದಿನ ಊಟ ಸೇರಲಿಲ್ಲ.

ಯೋಜನೆ ಸರಳವಾಗಿತ್ತು. ಮೋಟೆಬೆನ್ನೂರಿನವರೆಗೆ ಬಸ್ಸು, ಅಲ್ಲಿಂದ ಹೊಲಗಳ ಮೂಲಕ ಬ್ಯಾಡಗಿಗೆ ನಡಿಗೆ. ನಡುವೆ ನಮಗೆ ವರ್ಷವೂ ಜೋಳ ಕೊಡುವ ರೈತ ನಿಂಗಪ್ಪನ ಗುಡಿಸಲಿನಲ್ಲಿ ರೊಟ್ಟಿ, ಕಡಲೆ ಹಿಟ್ಟಿನ ಜುಣಕದ ಉಪಾಹಾರ. ಆದರೆ ಹಿಂದಿನ ಎರಡು ದಿನ ಅಕಾಲಿಕ ಮಳೆ ಸುರಿದಿತ್ತು. ಮುನ್ನೆಚ್ಚರಿಕೆಯ ಕ್ರಮವಾಗಿ ನಾನು ನಿಂಗಪ್ಪನಿಗೆ ದೂರವಾಣಿ ಕರೆ ಮಾಡಿ ಸ್ಥಿತಿಗತಿಯನ್ನು ವಿಚಾರಿಸಿದೆನು.

"ಬರ್ರಿ ಸಾಹೇಬ್ರ," ಎಂದ ನಿಂಗಪ್ಪ. "ಹೊಲಾ ಹದಕ್ಕ ಬರಾಕತ್ತೈತಿ."

ನನಗೆ ಅಷ್ಟೇ ಸಾಕಾಯಿತು. ಕಣಕ ಹದಕ್ಕೆ ಬಂದರೆ ಹೋಳಿಗೆ ಹರಿಯುವುದಿಲ್ಲ. ಪಾಕ ಹದಕ್ಕೆ ಬಂದರೆ ಉಂಡೆ ಕಟ್ಟಬಹುದು. ಅದೇ ಪ್ರಕಾರ ಹೊಲ ಹದಕ್ಕೆ ಬಂದರೆ ಮನುಷ್ಯರು ನಡೆಯಬಹುದು ಎಂದು ನಾನು ನಿರ್ಣಯಿಸಿದೆನು. ಹೊಸರಿತ್ತಿಯ ರೈತರ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಪತ್ನಿ ಗಿರಿಜಾ ಆಗ ಪಕ್ಕದ ಕೋಣೆಯಲ್ಲಿಯೇ ಇದ್ದಳು. ಅವಳನ್ನು ಕೇಳಬಹುದಾಗಿತ್ತು. ಆದರೆ ಅವಳೂ ಬಳಗದ ಸದಸ್ಯಳು. ಕಾರ್ಯದರ್ಶಿಯಾದವನು ಸದಸ್ಯರ ಬಳಿ ಸಲಹೆ ಕೇಳುವುದು ಪದ್ಧತಿಯಲ್ಲ.

ಕೂಡಲೇ ಸೂಚನಾಪತ್ರ ಹೊರಡಿಸಿದೆನು. "ಸ್ಥಳೀಯ ರೈತರಿಂದ ಖುದ್ದಾಗಿ ವಿಚಾರಿಸಲಾಗಿ, ಹೊಲವು ಹದವಾಗಿರುವುದು ದೃಢಪಟ್ಟಿರುತ್ತದೆ. ಕಾರಣ ಸದಸ್ಯರು ಯಾವುದೇ ಆತಂಕಕ್ಕೆ ಒಳಗಾಗದೆ ಭಾಗವಹಿಸತಕ್ಕದ್ದು. ಭಾವಚಿತ್ರ ತೆಗೆಯುವ ಉದ್ದೇಶವಿರುವುದರಿಂದ ಎಲ್ಲರೂ ಬಿಳಿ ಉಡುಪು ಧರಿಸುವುದು ಕಡ್ಡಾಯ."

ರೈತರನ್ನು ಕೇಳಿದ್ದೇನೆಂದು ಹೇಳಿ ಕೈಗಿತ್ತ ಸೂಚನಾಪತ್ರದ ಕೊನೆಯ ಸಾಲನ್ನು ಮಾತ್ರ ಗಿರಿಜಾ ಓದಿದಳು. "ನೀವು ಗಟ್ಟಿಮುಟ್ಟ ಇರೂತನಕ ನಾ ಬಿಳೇ ಸೀರಿ ಉಡಂಗಿಲ್ರಿ" ಎಂದಳು.

ಈ ಅಂಶವು ನನ್ನ ಗಮನಕ್ಕೆ ಬಂದಿರಲಿಲ್ಲ! ಇದ್ದ ಒಬ್ಬರೇ ಮಹಿಳಾ ಸದಸ್ಯರಿಗೆ ವಿನಾಯಿತಿ ನೀಡಿ ತಿದ್ದುಪಡಿ ಹೊರಡಿಸಿದೆನು.

ಭಾನುವಾರ ಬೆಳಿಗ್ಗೆ ಮೋಟೆಬೆನ್ನೂರಿನಲ್ಲಿ ಬಸ್ಸಿಳಿದು ಹಾಜರಿ ತೆಗೆದುಕೊಂಡೆನು. ಹತ್ತು ಜನ ಬಿಳಿ ಉಡುಪಿನವರು, ಕಂದು ಸೀರೆಯ ಒಬ್ಬಳು. ಬಸಣ್ಣನವರ ಧೋತರಕ್ಕೆ ಹಾಕಿದ ಗಂಜಿ ಎಷ್ಟಿತ್ತೆಂದರೆ, ಅವರು ನಿಂತರೂ ಅದು ಕುಳಿತಂತೆಯೇ ಇತ್ತು. ಚಳಿ ಹಿತವಾಗಿತ್ತು. ಮೊದಲ ಅರ್ಧ ಮೈಲು ಗಟ್ಟಿಯಾದ ಬಂಡಿ ಹಾದಿ. ದರ್ಜಿ ಖಾದರಸಾಬರು ನನ್ನ ಹೆಗಲು ತಟ್ಟಿ ವ್ಯವಸ್ಥೆಯನ್ನು ಹೊಗಳಿದರು. ನನ್ನ ಜೀವನದಲ್ಲಿ ಖಾಯಂ ಎಂಬುದು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಬಳಿಕ ಹಾದಿ ಮುಗಿದು ಎರೆ ಹೊಲ ಪ್ರಾರಂಭವಾಯಿತು.

ಎರೆ ಮಣ್ಣು, ಅಂದರೆ ನಮ್ಮ ಭಾಗದ ಕಪ್ಪು ಮಣ್ಣು, ನೀರು ಕುಡಿದಾಗ ಹೇಗೆ ವರ್ತಿಸುತ್ತದೆ ಎಂಬ ಬಗ್ಗೆ ನನಗೆ ಕಡತದ ಜ್ಞಾನ ಮಾತ್ರವಿತ್ತು. ಮೊದಲ ಹೆಜ್ಜೆಗೆ ಮಣ್ಣು ಚಪ್ಪಲಿಗೆ ಅಂಟಿತು. ಎರಡನೆಯ ಹೆಜ್ಜೆಗೆ ಆ ಮಣ್ಣಿಗೆ ಮಣ್ಣು ಅಂಟಿತು. ಹತ್ತು ಹೆಜ್ಜೆಯೊಳಗೆ ನಾನು ನಾಲ್ಕು ಬೆರಳು ಎತ್ತರವಾದೆನು. ಇಡೀ ಸೇವಾವಧಿಯಲ್ಲಿ ನನಗೆ ದೊರೆತ, ಹಂಗಾಮಿಯಲ್ಲದ ಏಕೈಕ ಬಡ್ತಿ ಅದು! ಹಿಂತಿರುಗಿ ನೋಡಿದರೆ ಇಡೀ ಬಳಗವೇ ಎತ್ತರವಾಗಿ ತೂರಾಡುತ್ತಿತ್ತು. ಬಿಳಿ ಬಟ್ಟೆಗಳು ಮೊಣಕಾಲಿನವರೆಗೆ ಕಪ್ಪಾಗಿದ್ದವು. ಇಬ್ಬರು ಆಗಲೇ ಕೂತೆದ್ದಿದ್ದರಿಂದ ಅವರ ವಿಷಯದಲ್ಲಿ ಕಪ್ಪು ಇನ್ನೂ ಮೇಲಕ್ಕೆ ಹೋಗಿತ್ತು.

ಖಾದರಸಾಬರು ಎರಡೂ ಕಾಲು ಹೂತು ನಿಂತಲ್ಲೇ ನಿಂತರು. "ಖರೇ ಹೇಳ್ರಿ," ಎಂದು ಬಹಳ ಶಾಂತರಾಗಿ ಕೇಳಿದರು. "ನಮ್ಮನ್ನ ನಡ್ಸಾಕ ಕರ್ಕೊಂಡ ಬಂದೀರೋ, ನೆಡಾಕ ಕರ್ಕೊಂಡ ಬಂದೀರೋ?"

ಯಾರೂ ನಗಲಿಲ್ಲ. ನಗಲು ಕಾಲು ಗಟ್ಟಿಯಾಗಿ ಊರಬೇಕು.

ಹಿಂದಿರುಗೋಣವೆಂದು ಕೆಲವರು ಸೂಚಿಸಿದರು. ಆ ಕ್ಷಣದಲ್ಲಿ ಒಪ್ಪಿದ್ದರೆ ಈ ಲೇಖನದ ಅವಶ್ಯಕತೆ ಬೀಳುತ್ತಿರಲಿಲ್ಲ. ಆದರೆ ಅರ್ಧಕ್ಕೆ ನಿಂತ ನಡಿಗೆಗೆ ಖಾಯಂ ಆದೇಶ ಯಾರು ಕೊಡುತ್ತಾರೆ? ಎದುರಿಗೆ ನಿಂಗಪ್ಪನ ಗುಡಿಸಲು ಕಾಣುತ್ತಿತ್ತು. ಬದುವಿನ ಬಳಸು ಹಾದಿ ಬಿಟ್ಟು, ತಗ್ಗಿನ ಮೂಲಕ ನೇರವಾಗಿ ಹೋದರೆ ಸಮಯ ಉಳಿಯುವುದೆಂದು ಆದೇಶಿಸಿದೆನು. ಅಧ್ಯಕ್ಷರು ನನ್ನ ಮೇಲೆ ವಿಶ್ವಾಸವಿಟ್ಟು ಎಲ್ಲರಿಗಿಂತ ಮುಂದೆ ಹೋದರು.

ತಗ್ಗಿನ ನಡುಮಧ್ಯೆ ಬಸಣ್ಣನವರು ಇದ್ದಕ್ಕಿದ್ದಂತೆ ಗಿಡ್ಡಾದರು.

"ಕಾರ್ಯದರ್ಶಿಗಳ," ಎಂದು ಅವರು ಹಿಂದಿರುಗದೆಯೇ ಕರೆದರು. "ನನ್ನ ಎಡಗಾಲು ಎಲ್ಲೈತಿ, ಚೂರ ನೋಡ್ರಿ."

ನಾನು ಧಾವಿಸಿದೆನು. ಧಾವಿಸಿದೆನು ಎಂದರೆ ನಿಮಿಷಕ್ಕೆ ಮೂರು ಹೆಜ್ಜೆಯಂತೆ. ಅವರ ಎಡಗಾಲನ್ನು ಎರಡೂ ಕೈಗಳಿಂದ ಹಿಡಿದು ಜಗ್ಗಿದೆನು. ಕಾಲು ಬರಲಿಲ್ಲ, ಧೋತರದ ಕಚ್ಚೆ ಬಂದಿತು. ಅದು ಬಂದ ರಭಸಕ್ಕೆ ನಾನು ಬೆನ್ನು ಕೆಳಗಾಗಿ ಬಿದ್ದೆನು. ಹಾಜರಿ ಪುಸ್ತಕವು ಎಲ್ಲರ ಸಹಿಯೊಂದಿಗೆ ಮಣ್ಣುಪಾಲಾಯಿತು. ಅಧ್ಯಕ್ಷರು ಒಂದು ಕೈಯಲ್ಲಿ ಧೋತರ, ಇನ್ನೊಂದು ಕೈಯಲ್ಲಿ ಆಕಾಶ ಹಿಡಿದು ನಿಂತಿದ್ದರು. ನಾನು ಮಲಗಿದ್ದಲ್ಲಿಂದಲೇ ಅವರಲ್ಲಿ ಕ್ಷಮೆ ಕೋರಿದೆನು. ಅವರು ಧೋತರ ಸುತ್ತಿಕೊಳ್ಳತೊಡಗಿದರು. ನನ್ನ ಭವಿಷ್ಯದ ಕುರಿತು ನನಗಿದ್ದ ಆಸೆ ಆ ತಗ್ಗಿನಲ್ಲಿಯೇ ಇಂಗಿಹೋಯಿತು.

ಆಗ ಗುಡಿಸಲಿನ ಕಡೆಯಿಂದ ನಿಂಗಪ್ಪ ಬದುವಿನ ಮೇಲೆ ಬರಿಗಾಲಿನಲ್ಲಿ ಬಂದ. ನಮ್ಮ ಸ್ಥಿತಿ ನೋಡಿ ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹೊಲ ಹದವಾಗಿದೆಯೆಂದು ನೀನೇ ಹೇಳಿದೆಯಲ್ಲ ಎಂದು ನಾನು ಬಿದ್ದಲ್ಲಿಂದಲೇ ವಿವರಣೆ ಕೇಳಿದೆನು.

"ಹದಕ್ಕ ಬರಾಕತ್ತೈತಿ ಅಂದ್ನಿರಿ," ಎಂದ ನಿಂಗಪ್ಪ. "ಕಡ್ಲಿ ಬಿತ್ತಾಕ. ಇನ್ನ ನಾಕ ದಿನ ಬೇಕು. ನಡ್ಯಾಕಂತ ಯಾರ ಹೇಳಿದ್ರು?"

ಹತ್ತೂ ಜನ ಸದಸ್ಯರು ನನ್ನ ಕಡೆ ತಿರುಗಿದರು. ತಿರುಗಲು ಸಾಧ್ಯವಾಗದವರು ಕಣ್ಣಷ್ಟೇ ತಿರುಗಿಸಿದರು.

"ಇದನ್ನ ಕೇಳಿ ಬಿಳೇ ಅರಿವಿ ಹಾಕಿಸಿದ್ರೇನ್ರಿ?" ಎಂದಳು ಗಿರಿಜಾ. "ನೀವು ಕೇಳೇನಿ ಅಂದ್ರಲ್ಲ, ಗಟ್ಟಿ ಹಾದೀನ ಇರಬೇಕಂತ ನಾ ಸುಮ್ನಿದ್ದೆ."

ಅಷ್ಟು ಹೇಳಿ ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ತಗ್ಗಿಗಿಳಿದಳು. ಎಲ್ಲರಿಗೂ ಚಪ್ಪಲಿ, ಬೂಟು ಕಳಚಿ ಕೈಯಲ್ಲಿ ಹಿಡಿಯಲು ಹೇಳಿದಳು. ಅಧ್ಯಕ್ಷರಿಗೆ, "ಜಗ್ಗಬ್ಯಾಡ್ರಿ ಅಣ್ಣಾರ. ಮೊದ್ಲ ಹಿಮ್ಮಡಿ ಎತ್ತರಿ, ಆಮ್ಯಾಲ ಬೆರಳು" ಎಂದಳು. ಪುಸಕ್ಕೆಂದು ಕಾಲು ಹೊರಬಂದಿತು. ಬಳಿಕ ಅವಳು ಹುಲ್ಲು ಬೆಳೆದ ಬದುವಿನ ಮೇಲೆ ಮುಂದೆ ನಡೆದಳು; ಅವಳು ಇಟ್ಟ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತ ಎಲ್ಲರೂ ಸಾಲಾಗಿ ಹಿಂಬಾಲಿಸಿದರು. ಸಾಲಿನ ಕೊನೆಯಲ್ಲಿ ನಾನಿದ್ದೆನು. ನಾನು ಬರುವ ಹೊತ್ತಿಗೆ ಆ ಹೆಜ್ಜೆಗಳಲ್ಲಿಯೂ ನೀರು ತುಂಬಿತ್ತು.

ಗುಡಿಸಲಿನ ಮುಂದೆ ಬಿಸಿ ರೊಟ್ಟಿ, ಜುಣಕ, ಮೊಸರು. ಎರಡು ರೊಟ್ಟಿಯ ನಂತರ ಬಸಣ್ಣನವರು, ಸದಸ್ಯರೆಲ್ಲ ಇಲ್ಲೇ ಇರುವುದರಿಂದ ಖಾಯಂ ಕಾರ್ಯದರ್ಶಿಯ ವಿಷಯವನ್ನೂ ಮುಗಿಸಿಬಿಡೋಣ ಎಂದರು. ನಾನು ಅಂಗಿಯ ಮಣ್ಣು ಕೊಡವಿ ನೆಟ್ಟಗೆ ಕುಳಿತೆನು. ಮನುಷ್ಯನ ಆಸೆ ನೋಡಿ!

"ನಮ್ಮ ಗಿರಿಜಕ್ಕಾರು ಖಾಯಂ ಕಾರ್ಯದರ್ಶಿ ಆಗಲಿ," ಎಂದರು ಬಸಣ್ಣನವರು. "ಒಪ್ಪಿದವರು ಕೈ ಎತ್ತರಿ."

ಎಲ್ಲ ಕೈಗಳೂ ಮೇಲೆದ್ದವು. ಇನ್ನೊಂದಿಷ್ಟು ಜುಣಕ ಬಡಿಸಲು ನಿಂಗಪ್ಪನನ್ನು ಕರೆಯಲೆಂದು ಎತ್ತಿದ್ದ ನನ್ನ ಕೈಯನ್ನೂ ಎಣಿಕೆಗೆ ಹಿಡಿಯಲಾಯಿತು. ಹೀಗಾಗಿ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು.

ಮುಂದಿನ ಭಾನುವಾರದ ನಡಿಗೆಗೆ ಬೆನ್ನುನೋವಿನ ನಿಮಿತ್ತ ಹಾಜರಾಗಲು ಸಾಧ್ಯವಿಲ್ಲವೆಂದು ಸವಿಸ್ತಾರವಾದ ರಜೆ ಅರ್ಜಿಯೊಂದನ್ನು ಬರೆದು, ನೂತನ ಕಾರ್ಯದರ್ಶಿಯವರಿಗೆ ಅಡುಗೆಮನೆಯಲ್ಲಿ ಖುದ್ದಾಗಿ ಸಲ್ಲಿಸಿದೆನು. ಅವರು ಅದನ್ನು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ, ಒಲೆಯ ಮೇಲಿದ್ದ ಬಿಸಿ ಪಾತ್ರೆಯನ್ನು ಅದರಿಂದ ಹಿಡಿದು ಕೆಳಗಿಳಿಸಿದರು.