ಹಂಗಾಮಿ ಮೀನು

ಕಾರ್ಖಾನೆಯವರು ಬಣ್ಣ ಕಾಯಿಸಿದ ನೀರನ್ನು ಕೆರೆಗೆ ಬಿಟ್ಟರು. ಕೆರೆಯ ಮೀನು ಸತ್ತವು. ಊರಿನವರು ಕುಡಿಯುವುದೂ ಅದೇ ಕೆರೆಯ ನೀರು.

ಆಚೆ ದಡ ಕಣ್ಣಿಗೆ ಬೀಳದಷ್ಟು ದೊಡ್ಡ ಕೆರೆ. ‘ಇಷ್ಟೊಂದು ನೀರಲ್ಲಿ ನಮ್ಮದೊಂದು ಪೈಪು ಏನು ಮಹಾ?’ ಎಂಬುದು ಮ್ಯಾನೇಜರ್ ಸಾಹೇಬರ ವಾದ. ಊರಿನವರು ಈ ವಾದಕ್ಕೆ ತಲೆದೂಗದೆ ಕಾರ್ಖಾನೆಯ ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತರು. ಕೂತವರು ಏಳಲಿಲ್ಲ. ಕೊನೆಗೆ ಮೇಲಿನಿಂದ ಸುದ್ದಿ ಬಂತು: ಇವತ್ತು ಮಧ್ಯಾಹ್ನ ಅಧಿಕಾರಿಗಳು ಬರುತ್ತಾರೆ, ಕೆರೆಯಲ್ಲಿ ಜೀವ ಇದೆಯೋ ಇಲ್ಲವೋ ಕಣ್ಣಾರೆ ನೋಡುತ್ತಾರೆ.

ಬೆಳಿಗ್ಗೆಯೇ ಮ್ಯಾನೇಜರ್ ಹಂಗಾಮಿಯನ್ನು ಕರೆಸಿದರು.

ಹಂಗಾಮಿ ಎಂದರೆ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವನು. ಹಂಗಾಮಿ ಕೆಲಸ ಎಂದು ಸೇರಿಸಿಕೊಂಡಿದ್ದರು. ತಲೆ ಖಾಯಂ ಆಗಿ ಬೋಳಾದರೂ ಕೆಲಸ ಖಾಯಂ ಆಗಿರಲಿಲ್ಲ. ಊರಿಗೆಲ್ಲ ಅದೇ ಅವನ ಹೆಸರಾಗಿಹೋಗಿತ್ತು. ಅವನ ಅತ್ತೆಯಂತೂ ನೆಂಟರ ಮುಂದೆ “ಇವರು ನಮ್ಮ ಹಂಗಾಮಿ ಅಳಿಯಂದಿರು” ಎಂದೇ ಪರಿಚಯ ಮಾಡಿಕೊಡುವುದು, ಇವತ್ತಲ್ಲ ನಾಳೆ ಬದಲಾಯಿಸಿಕೊಳ್ಳುವ ಆಸೆ ಇದ್ದವರ ಹಾಗೆ.

“ಗುಡ್ಡದ ಹಿಂದೆ ಒಬ್ಬ ಮೀನಿನ ಹೊಂಡ ಇಟ್ಟಿದ್ದಾನಲ್ಲ,” ಎಂದರು ಮ್ಯಾನೇಜರ್, “ಅವನ ಹತ್ರ ಜೀವಂತ ಮೀನು ತಗೊಂಡ್ ಬಾ. ನಮ್ಮ ಪೈಪಿನ ಬಾಯಿ ಹತ್ರಾನೇ ಬಲೇಲಿ ಹಾಕಿ ಮುಳುಗಿಸಿಡು. ಅವರು ಬಂದಾಗ ಎತ್ತಿ ತೋರ್ಸು. ಮೀನು ಒದ್ದಾಡ್ಬೇಕು. ಒದ್ದಾಡಿದ್ರೆ ನಾಳೆಯಿಂದ ನೀನು ಖಾಯಂ.”

“ಒದ್ದಾಡದೇ ಇದ್ರೆ ಸಾರ್?”

“ನೀನು ಒದ್ದಾಡ್ತೀಯ.”

ಹಂಗಾಮಿ ಉಗ್ರಾಣದ ತಳ್ಳುಗಾಡಿ ಹಿಡಿದು ಗುಡ್ಡದ ಹಿಂದಕ್ಕೆ ಓಡಿದ. ಅಲ್ಲಿ ದಿಬ್ಬದ ಈ ಕಡೆಗೊಂದು ಹೊಂಡ, ಆ ಕಡೆಗೊಂದು ಹೊಂಡ. ಹೊಂಡದವನು ಹಲ್ಲುಜ್ಜುತ್ತಲೇ ಕೇಳಿದ: “ತಿನ್ನೋಕಾ, ತೋರ್ಸೋಕಾ?”

ಹಂಗಾಮಿ ಗಾಡಿಯ ಹಿಡಿ ಬಿಟ್ಟುಬಿಟ್ಟ. ಇವನಿಗೆ ಹೇಗೆ ಗೊತ್ತಾಯಿತು?

“ಅಲ್ಲಪ್ಪ, ಗಾಜಿನ ತೊಟ್ಟೀಲಿ ಬಿಟ್ಟು ನೋಡ್ತಾ ಕೂರೋ ದೊಡ್ಡವರೂ ಬರ್ತಾರೆ, ಅದಕ್ಕೇ ಕೇಳ್ದೆ.”

“ಹ್ಞಾ, ತೋರ್ಸೋಕೆ! ಗಟ್ಟಿ ಮೀನು ಬೇಕು. ಎಂಥಾ ನೀರಲ್ಲೂ ಬದುಕೋವಂಥದ್ದು.”

“ಹಾಗಾದ್ರೆ ಆ ಕಡೆ ಹೊಂಡದ್ದು,” ಎಂದು ಅವನು ದಿಬ್ಬ ಹತ್ತಿ ಇಳಿದ. ಯಾಕೆ ಎಂದು ಕೇಳಲು ಹಂಗಾಮಿಗೆ ಪುರಸೊತ್ತಿರಲಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ತಿರುಗಿಸುವುದೇ ಅವನಿಗೊಂದು ಕೆಲಸವಾಗಿತ್ತು. ಮೀನು ತುಂಬಿದ ಡ್ರಮ್ಮಿಗೆ ಮುಚ್ಚಳ ಬಿತ್ತು. “ಡ್ರಮ್ಮು ನನಗಿರೋದು ಒಂದೇ. ಮಧ್ಯಾಹ್ನ ನಾನೇ ಬಂದು ತಗೊಂಡ್ ಹೋಗ್ತೀನಿ,” ಎಂದ ಹೊಂಡದವನು.

ಬೀದಿಯಲ್ಲಿ ಮೊದಲು ಸಿಕ್ಕಿದ್ದು ಪಕ್ಕದ ಮನೆಯ ದರ್ಜಿ. ಊರಿನ ಬಟ್ಟೆಗಿಂತ ಊರಿನ ಸುದ್ದಿಗೇ ಹೆಚ್ಚು ಹೊಲಿಗೆ ಹಾಕುವ ಆಸಾಮಿ.

“ಡ್ರಮ್ಮಲ್ಲಿ ಏನಣ್ಣ?”

“ಸುಣ್ಣ.”

ಒಳಗಿನಿಂದ ದಬದಬ ಸದ್ದಾಯಿತು. ದರ್ಜಿ ಕಿವಿ ನೆಟ್ಟಗೆ ಮಾಡಿದ. “ಸುಣ್ಣ ಒದೀತಾ ಇದೆಯಲ್ಲಣ್ಣ?”

“ಹೊಸ ಸುಣ್ಣ,” ಎಂದು ಹಂಗಾಮಿ ಗಾಡಿ ದಬ್ಬಿದ. ದರ್ಜಿ ಅಂಗಡಿಗೆ ಬಾಗಿಲೆಳೆದು ಹಿಂದೆಯೇ ಬಂದ.

ಕೆರೆಗೆ ಗಾಡಿ ಹೋಗುವ ದಾರಿ ಒಂದೇ, ಅದೂ ಶಾಮಿಯಾನದ ನಡುವೆ. ಮುಂದಿನ ಸಾಲಿನಲ್ಲಿ ಅತ್ತೆ! ಅವರ ಕೂಗಿಗೆ ಮೈಕೇ ಬೇಕಿರಲಿಲ್ಲ. ಅಳಿಯನನ್ನು ಕಂಡವರೇ ಎದ್ದು ಬಂದು ಗಾಡಿ ತಡೆದರು.

“ಏನ್ ಅಳಿಯಂದ್ರೇ, ಕಂಪನಿ ಸೇವೆಯಾ? ನಿಮ್ಮ ಮಗಳ ಮೈಮೇಲಿನ ಕಜ್ಜಿ ನೋಡಿದ್ರಾ? ಸ್ನಾನಕ್ಕೂ ಅದೇ ನೀರು.”

“ನೋಡ್ದೆ ಅತ್ತೆ. ನಾನು ಖಾಯಂ ಆದ್ರೆ ದೊಡ್ಡ ಡಾಕ್ಟರಿಗೆ ತೋರಿಸ್ಬಹುದು. ದಾರಿ ಬಿಡಿ.”

ದಾರಿ ಬಿಡುವ ಬದಲು ಅತ್ತೆ ಗಾಡಿಯೇರಿ ಡ್ರಮ್ಮಿನ ಮೇಲೆ ಕೂತುಬಿಟ್ಟರು. “ನೆಲದ ಮೇಲೆ ಕೂತು ಕೂತು ಸೊಂಟ ಬಿದ್ದೋಗಿದೆ. ಸ್ವಲ್ಪ ಹೊತ್ತು.”

“ಅತ್ತೆ, ಏಳಿ!”

“ಏಳಲ್ಲ. ಏಳಬಾರದು ಅಂತಾನೇ ಅಲ್ವೇ ನಾವು ಇಲ್ಲಿಗೆ ಬಂದಿರೋದು?”

ಅಷ್ಟರಲ್ಲಿ ಕೆಳಗಿನಿಂದ ಒದೆ ಬಿತ್ತು. ಅತ್ತೆ ಅಳಿಯನ ಮುಖ ನೋಡಿದರು. ಅಳಿಯ ಆಕಾಶ ನೋಡಿದ. ಇನ್ನೊಂದು ಒದೆ. ಅತ್ತೆ ಏನೋ ಕೇಳಲು ಬಾಯಿ ತೆರೆಯುವ ಮುಂಚೆ ಹಂಗಾಮಿ, “ಅಲ್ಲಿ ಪೇಪರಿನೋರು ಫೋಟೋ ಹಿಡೀತಿದ್ದಾರೆ!” ಎಂದು ಕಿರುಚಿದ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಇಳಿದರು. ಗಾಡಿ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಿತು.

ಪೈಪಿನ ಬಾಯಿಯ ಹತ್ತಿರ ನೀರು ನೇರಳೆ ಬಣ್ಣ, ಮೇಲೆ ನೊರೆ. ಹಂಗಾಮಿ ಮೀನುಗಳನ್ನು ಬಲೆಗೆ ಹಾಕಿ ಇಳಿಬಿಟ್ಟು ಬೆವರು ಒರೆಸಿಕೊಂಡ. ಒರೆಸಿದ ಕೈ ಇಳಿಸುವಷ್ಟರಲ್ಲಿ ಒಂದು ಮೀನು ಬಿಳಿಹೊಟ್ಟೆ ಮೇಲೆ ಮಾಡಿ ತೇಲಿತು. ಮತ್ತೊಂದು. ಆಮೇಲೆ ಒಟ್ಟಿಗೆ ನಾಲ್ಕಾರು. ಅವನು ಸತ್ತವನ್ನು ಕಿತ್ತು ಕಿತ್ತು ಪೊದೆಗೆ ಎಸೆದ. ಕೊನೆಗೆ ಉಳಿದದ್ದು ಮೀಸೆಯ ಒಂದೇ ಒಂದು ಕಪ್ಪು ಮೀನು.

“ನಮ್ಮಪ್ಪ, ನನ್ನ ತಂದೆ,” ಎಂದು ಹಂಗಾಮಿ ನೀರಿಗೆ ಬಗ್ಗಿ ಕೈಮುಗಿದ, “ನಾನು ಖಾಯಂ ಆಗೋವರೆಗೆ ತಡ್ಕೋ. ಆಮೇಲೆ ನಿನ್ನಿಷ್ಟ.”

ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಜೀಪಿನಿಂದಿಳಿದರು. ಹಿಂದೆ ಮ್ಯಾನೇಜರ್ ಕಾರು, ಅದರ ಹಿಂದೆ ಇಡೀ ಶಾಮಿಯಾನ. ಹಂಗಾಮಿ ಕಣ್ಣು ಮುಚ್ಚಿ ಬಲೆ ಎತ್ತಿದ. ಮೀಸೆ ಮೀನು ಪಟಪಟನೆ ಬಾಲ ಬಡಿದು ಅಧಿಕಾರಿಯ ಕನ್ನಡಕಕ್ಕೆ ನೊರೆ ಹಾರಿಸಿತು.

“ನೋಡಿದ್ರಾ ಸಾರ್!” ಮ್ಯಾನೇಜರ್ ಕುಣಿಯುವುದೊಂದು ಬಾಕಿ. “ಎಂಥಾ ಆರೋಗ್ಯ! ನಮ್ಮ ಕೆಲಸಗಾರರು ದಿನಾ ಇದನ್ನೇ ತಿನ್ನೋದು.”

“ಹಾಗಾದ್ರೆ ಈಗಲೂ ತಿನ್ಲಿ!” ಗುಂಪಿನಿಂದ ಬಂದದ್ದು ಅತ್ತೆಯ ದನಿ. “ಇಲ್ಲೇ ಎಣ್ಣೇಲಿ ಕರೀರಿ, ನಮ್ಮ ಕಣ್ಣೆದುರಿಗೇ ತಿನ್ರಿ!”

ಅಧಿಕಾರಿ ಹೌದಲ್ಲವೇ ಎಂಬಂತೆ ಮ್ಯಾನೇಜರ್ ಕಡೆ ನೋಡಿದರು. ಆಡಿದ ಮಾತು ಬಿಟ್ಟ ಬಾಣ. ಕ್ಯಾಂಟೀನಿನ ಬಾಣಲೆ ದಡಕ್ಕೇ ಬಂತು. ಮೀನು ಕರಿದು ತಟ್ಟೆಗೆ ಬಿದ್ದದ್ದೇ ಎಲ್ಲರ ಹಸಿವೂ ಓಡಿಹೋಯಿತು. ಮ್ಯಾನೇಜರ್ ತಟ್ಟೆಯನ್ನು ಅಧಿಕಾರಿಗೆ ಹಿಡಿದರು. ಅಧಿಕಾರಿಗೆ ಹೊಟ್ಟೆ ಸರಿಯಿರಲಿಲ್ಲ. ಸೂಪರ್‌ವೈಸರಿಗೆ ಹಲ್ಲುನೋವು. ಗೇಟಿನ ಕಾವಲುಗಾರ ಅದೇ ಗಳಿಗೆಯಲ್ಲಿ ಮಾಂಸಾಹಾರ ಬಿಟ್ಟ. ತಟ್ಟೆ ಕೈಯಿಂದ ಕೈಗೆ ದಾಟಿ ಹಂಗಾಮಿಯ ಮುಂದೆ ಬಂದು ನಿಂತಿತು.

“ಇವನು ತಿಂತಾನೆ,” ಎಂದರು ಮ್ಯಾನೇಜರ್. ಕಣ್ಣಿನಲ್ಲೇ ‘ಖಾಯಂ’ ಎಂದರು.

ಬೆಳಗಿನಿಂದ ಮೊದಲ ಸಲ ಹಂಗಾಮಿಗೆ ನಗು ಬಂತು. ಇದು ಕೆರೆಯ ಮೀನೇ ಅಲ್ಲ! ಈ ಗುಟ್ಟು ಬಲ್ಲ ನಾಲಿಗೆಗೆ ಯಾವ ಹೆದರಿಕೆ? ಒಂದು ಚೂರು ಮುರಿದು ಬಾಯಿಯ ಹತ್ತಿರಕ್ಕೆ ಒಯ್ದ.

ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ಡ್ರಮ್ಮಿಗೆ ಬಂದಿದ್ದ ಹೊಂಡದವನು.

“ಅಯ್ಯೋ, ತೋರ್ಸೋಕೆ ಅಂದ್ಯಲ್ಲಪ್ಪ!” ಎಂದು ಅವನು ಕಿವಿಯಲ್ಲಿ ಪಿಸುಗುಟ್ಟಿದ. “ಆ ಕಡೆ ಹೊಂಡಕ್ಕೆ ನಿಮ್ಮ ಕಂಪನಿ ಟ್ಯಾಂಕರೇ ಕದ್ದು ಬಂದು ಸುರಿದು ಹೋಗೋದು. ಅದರಲ್ಲೇ ಬೆಳೆದಿದ್ದಕ್ಕೆ ಅಷ್ಟು ಗಟ್ಟಿ. ಅಲ್ಲಿನ ಮೀನಿನ ತಲೆ ತಿಂದು ನಮ್ಮ ಬೆಕ್ಕು ಮಲಗಿದ್ದು ಇನ್ನೂ ಎದ್ದಿಲ್ಲ.”

“ಯಾವಾಗ ಮಲಗಿದ್ದು?”

“ಹೋದ ತಿಂಗಳು.”

ಚೂರು ಹಿಡಿದ ಕೈ ಗಾಳಿಯಲ್ಲೇ ನಿಂತಿತು.

“ತಿನ್ನಯ್ಯ,” ಮ್ಯಾನೇಜರ್ ಹಲ್ಲು ಕಚ್ಚಿ ನಕ್ಕರು.

“ಹಸಿವಿಲ್ಲ ಸಾರ್.”

“ಒಂದೇ ಒಂದು ತುತ್ತು. ನಾಳೆಯಿಂದ...”

“ತಿನ್ನಲ್ಲ ಸಾರ್.”

ದಡವೇ ಹಾರಿಹೋಗುವಂಥ ಕೇಕೆ ಎದ್ದಿತು. “ಕಂಪನಿಯವನೇ ತಿನ್ನಲ್ಲ ಅಂತಾನೆ!” ದರ್ಜಿ ಹಂಗಾಮಿಯನ್ನು ಹೆಗಲಿಗೇರಿಸಲು ಹೋಗಿ, ಭಾರ ತಾಳದೆ ಕೆಳಗಿಳಿಸಿದ. ಅಧಿಕಾರಿ “ವರದಿ ಕಳಿಸ್ತೀವಿ” ಎಂದು ಜೀಪು ಹತ್ತಿ ಹೋದರು. ಯಾವ ವರದಿ, ಯಾರಿಗೆ ಎಂದು ಹೇಳಲಿಲ್ಲ. ಪೈಪಿನಿಂದ ನೇರಳೆ ನೀರು ಬೀಳುತ್ತಲೇ ಇತ್ತು.

“ನಾಳೆಯಿಂದ ಬರ್ಬೇಡ,” ಎಂದು ಮ್ಯಾನೇಜರ್ ಕಾರಿನತ್ತ ನಡೆದರು. ಕಾರಿನ ದಾರಿಗೆ ಅಡ್ಡಲಾಗಿ ಖಾಲಿ ಡ್ರಮ್ಮು, ಅದರ ಮೇಲೆ ಅತ್ತೆ. ಮ್ಯಾನೇಜರ್ ತಿರುಗಿ ನಿಂತರು. “ಈ ಹೆಂಗಸನ್ನ ಎಬ್ಬಿಸು. ಎಬ್ಬಿಸಿದ್ರೆ ನಿನ್ನ ಕೆಲಸದ ವಿಚಾರ ಇನ್ನೊಂದ್ಸಲ ನೋಡೋಣ.”

ಹಂಗಾಮಿ ಹತ್ತಿರ ಹೋದ. ಹೊಂಡದವನು “ನನ್ನ ಡ್ರಮ್ಮು...” ಎಂದು ಅವನ ಹಿಂದೆಯೇ ಬಂದ. ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿ ಒಂದಿಷ್ಟು ಆಚೆ ಸರಿದರು.

“ಕೂತ್ಕೊಳ್ಳಿ ಅಳಿಯಂದ್ರೇ. ಇಲ್ಲಿ ಕೂತೋರೆಲ್ಲ ಖಾಯಂ.”

ಅವನು ಕೂತದ್ದು ಧೈರ್ಯದಿಂದಲ್ಲ. ಬೆಳಗಿನಿಂದ ಓಡಿದ ಕಾಲು ಇನ್ನು ನಿಲ್ಲಲಾರೆ ಎಂದಿತ್ತು. ನಾಳೆ ಮನೆಯ ಒಲೆಗೆ ಏನು ಎಂಬ ಯೋಚನೆ ಆಗಲೇ ತಲೆಯಲ್ಲಿ ಬಾಲ ಬಡಿಯುತ್ತಿತ್ತು.

“ಏಳಯ್ಯ ಮೇಲೆ!” ಮ್ಯಾನೇಜರ್ ಗುಡುಗಿದರು.

ಹಂಗಾಮಿ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಏಳಲ್ಲ ಸಾರ್.”