ತೊಟ್ಟಿಲ ಪಕ್ಕ ತೂಗಿದ ಥರ್ಮಾಮೀಟರ್ ಸಾಹೇಬರಿಗೆ

ಬೆಟಗೇರಿ, ೧೩ ಜನವರಿ ೧೯೫೭

ಬಣ್ಣದ ಕಡಾಯಿಗಳ ಒಡೆಯರೂ, ಹಿತ್ತಾಳೆಯ ಅಂಗಿ ತೊಟ್ಟವರೂ, ಮೈಯಲ್ಲಿ ನೆತ್ತರಿನ ಬದಲು ಪಾದರಸವನ್ನೇ ಇಟ್ಟುಕೊಂಡವರೂ ಆದ ಮಾನ್ಯ ಥರ್ಮಾಮೀಟರ್ ಸಾಹೇಬರೇ, ನೂಲಿಗೆ ಬಣ್ಣ ಹಾಕುವ ಕಾರಖಾನೆಯ ಗುಮಾಸ್ತ ಪುಂಡಲೀಕಪ್ಪನ ನಮಸ್ಕಾರಗಳು. ತಾವು ಮರಳಿ ಕುದಿಯುವ ನೀಲಿಯಲ್ಲಿ ಮುಳುಗಿ ಸುಖವಾಗಿದ್ದೀರೆಂದು ಬಣ್ಣಗಾರ ಹೇಮಪ್ಪ ತಿಳಿಸಿದ್ದಾನೆ. ನನ್ನ ಯೋಗಕ್ಷೇಮ ಈಗಾಗಲೇ ಓಣಿಗೆಲ್ಲ ಗೊತ್ತಾಗಿರುವುದರಿಂದ ಈ ದೂರನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಅಮೃತವ್ವ ಐದು ತಿಂಗಳ ಮಗಳು ಶಾರದಾಳನ್ನು ಎತ್ತಿಕೊಂಡು ಲಕ್ಷ್ಮೇಶ್ವರದ ತವರಿನಿಂದ ತೊಟ್ಟಿಲ ಸಮೇತ ಬಂದದ್ದು ಕಳೆದ ತಿಂಗಳು. ಜೊತೆಗೆ ನಮ್ಮ ಅತ್ತೆ ಸಿದ್ದಲಿಂಗವ್ವನವರೂ ಬಂದರು. ರಾಜ್ಯ ಒಂದಾಗಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕಾರಖಾನೆಯ ಬಾಗಿಲಲ್ಲಿ ಪೇಢೆ ಹಂಚಿ ಭಾಷಣ ಬಿಗಿದಿದ್ದ ನಾನು, ಹೊಸ ನಾಡಿನ ಮನೆಗಳು ವಿಜ್ಞಾನದಂತೆ ನಡೆಯತಕ್ಕದ್ದೆಂಬ ಹುರುಪಿನಲ್ಲಿದ್ದೆ. ಅತ್ತೆಯವರಾದರೋ ರಾತ್ರಿ ಮೂರು ಸಲ ಎದ್ದು, ಕೂಸಿನ ಕತ್ತಿನ ಹಿಂದೆ ಕೈಯಿಟ್ಟು, ಒಮ್ಮೆ ಕೌದಿ ಹೊದಿಸುತ್ತಿದ್ದರು, ಒಮ್ಮೆ ತೆಗೆಯುತ್ತಿದ್ದರು. ಅಂಕಿಯಿಲ್ಲದ, ಸಹಿಯಿಲ್ಲದ ಈ ಕಾರಭಾರವನ್ನು ನನ್ನಂಥ ಗುಮಾಸ್ತ ಹೇಗೆ ಸಹಿಸಿಯಾನು? ಹೋದ ವಾರ ಶನಿವಾರ ಸಂಜೆ ಹೇಮಪ್ಪನ ಕಣ್ಣು ತಪ್ಪಿಸಿ ತಮ್ಮನ್ನು ಟಾವೆಲ್ಲಿನಲ್ಲಿ ಸುತ್ತಿ ತಂದು, ತೊಟ್ಟಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ.

ತಮ್ಮ ತಳದ ಅಂಕಿಗಳು ನೀಲಿ ಕುಡಿದು ಅಳಿಸಿಹೋಗಿದ್ದವು. ಪಾದರಸ ಬುಡದ ಗುಂಡು ಬಿಟ್ಟು ಮೇಲೆದ್ದಿರಲೇ ಇಲ್ಲ. ಇಷ್ಟು ಕೆಳಗೆಂದರೆ ನೀರು ಹೆಪ್ಪುಗಟ್ಟುವ ಚಳಿಯೇ ಸರಿಯೆಂದು ತೀರ್ಮಾನಿಸಿ, ಕೂಸಿಗೆ ಉಣ್ಣೆಯ ಕುಂಚಿಗೆ ಕಟ್ಟಿಸಿದೆ, ಒಂದರ ಮೇಲೊಂದು ಮೂರು ಕೌದಿ ಹೊದಿಸಿದೆ, ಕಿಟಕಿಯ ಸಂದಿಗೆಲ್ಲ ಅರಿವೆ ತುರುಕಿ ಕೆಂಡದ ಅಗ್ಗಿಷ್ಟಿಗೆಯನ್ನು ತೊಟ್ಟಿಲ ಹತ್ತಿರಕ್ಕೆ ಎಳೆದೆ. ತಾವು ಮಿಸುಕಲಿಲ್ಲ. ನಾಲ್ಕನೆಯ ಕೌದಿ ಹುಡುಕಿದೆ. ಅಷ್ಟರಲ್ಲಿ ನಾನು ಬರೀ ಬನಿಯನ್ನಿನಲ್ಲಿ ಬೆವರಿ ತೊಯ್ದಿದ್ದೆನೆಂಬುದು ನಿಜ. ಆದರೆ ತಮ್ಮಂಥ ದೊಡ್ಡವರ ಎದುರು ನನ್ನ ಬೆವರಿನ ಮಾತಿಗೆ ಏನು ಬೆಲೆ? ಅತ್ತೆಯವರು ಬಾಗಿಲಲ್ಲಿ ನಿಂತು, “ಕೂಸಿಗೆ ಧಗಿ ಆಗೇತ್ರಿ ಅಳಿಯಂದ್ರ, ಕೌದಿ ತಗೀರಿ” ಎಂದರು. ನಾನು ತಮ್ಮ ಕಡೆ ಬೆರಳು ತೋರಿಸಿದೆ. “ಅದೇನು ಮಕ್ಕಳನ್ನ ಹಡದೈತೇನ್ರಿ?” ಎಂದು ಕೇಳಿದರು. ವಿಜ್ಞಾನ ತಿಳಿಯದವರೊಡನೆ ವಾದವೇಕೆಂದು ಕೌದಿ ಹುಡುಕುವುದನ್ನು ಮುಂದುವರಿಸಿದೆ.

ಅಳುತ್ತಿದ್ದ ಕೂಸು ನಡುರಾತ್ರಿಯಲ್ಲಿ ಸುಮ್ಮನಾಯಿತು. ಬೆಚ್ಚಗಾಗಿ ಮಲಗಿತೆಂದು ನಾನು ತಮಗೆ ಮನಸ್ಸಿನಲ್ಲೇ ಕೈಮುಗಿದೆ. ಹಾಲು ಕುಡಿಸಲೆಂದು ಎದ್ದ ಅಮೃತವ್ವ, “ಅವ್ವಾ, ಕೂಸು ಅಳವಲ್ದು!” ಎಂದು ಕೂಗಿದ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅತ್ತೆಯವರು ನನ್ನನ್ನು ಪಕ್ಕಕ್ಕೆ ದೂಡಿ, ಮೂರೂ ಕೌದಿ ಕಿತ್ತೆಸೆದು, ಕುಂಚಿಗೆ ಬಿಚ್ಚಿ, ಅಗ್ಗಿಷ್ಟಿಗೆಯನ್ನು ಅಂಗಳಕ್ಕಿಟ್ಟು, ಕಿಟಕಿ ತೆರೆದು, ಬೆವರಿನಲ್ಲಿ ಅದ್ದಿ ತೆಗೆದಂತಿದ್ದ ಕೂಸನ್ನು ತಾಯಿಯ ಎದೆಗೆ ಕೊಟ್ಟರು. ಅದು ಬಾಯಿ ತೆರೆಯುವವರೆಗೆ ಎಷ್ಟು ಹೊತ್ತಾಯಿತೋ ನಾನರಿಯೆ. ನನ್ನ ಜನ್ಮದಲ್ಲಿ ನಾನು ಅಷ್ಟು ಹೆದರಿಲ್ಲ. ಕೊನೆಗೆ ಕೂಸು ಹಾಲು ಎಳೆಯಿತು, ಆಮೇಲೆ ಓಣಿ ಏಳುವಂತೆ ಅತ್ತಿತು, ಅದರ ಜೊತೆಗೆ ನಾನೂ ಅತ್ತುಬಿಟ್ಟೆ.

ಸೋಮವಾರ ತಮ್ಮನ್ನು ಹೇಮಪ್ಪನಿಗೆ ಒಪ್ಪಿಸಿ ಎಲ್ಲ ಹೇಳಿಕೊಂಡಾಗ ಅವನು ನಗಲೂ ಇಲ್ಲ. “ಗುಮಾಸ್ತರ, ಇದು ಕುದಿಯೂ ಬಣ್ಣ ನೋಡೂದ್ರಿ. ನೂರು ಡಿಗ್ರಿ ಕೆಳಗ ಇದು ಬಾಯಿನ ಬಿಡೂದಿಲ್ಲ” ಎಂದ. ಆರು ವರ್ಷ ಅವನು ಕಡಾಯಿಯ ಬಳಿ ನಿಂತು ಅಂಕಿ ಕೂಗಿದ್ದಾನೆ, ನಾನು ನೆರಳಿನಲ್ಲಿ ಕೂತು ಬರೆದಿದ್ದೇನೆ. ರಿಜಿಸ್ಟರು ತೆಗೆದು ನೋಡಿದೆ. ಫ್ಯಾರನ್‌ಹೀಟ್ ನೂರರ ಕೆಳಗಿನ ಅಂಕಿ ಒಂದೂ ಇಲ್ಲ. ಅಕ್ಷರಗಳೆಲ್ಲ ನನ್ನವೇ, ದುಂಡಗೆ, ಬಹಳ ಚೆನ್ನಾಗಿವೆ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ತಾವು ದಯಮಾಡಿ ಒಂದು ಅಂಗೈ ಬೆಳೆಸಿಕೊಳ್ಳಬೇಕು; ಅದನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು, ಏಕೆಂದರೆ ತಣ್ಣನೆಯ ಕೈಗೆ ಎಲ್ಲ ಕೂಸೂ ಬಿಸಿಯಾಗಿಯೇ ತೋರುತ್ತದೆಂದು ಅತ್ತೆಯವರ ಅಂಬೋಣ; ಆಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ ಅವರ ಕೈಕೆಳಗೆ ಆರು ಮಕ್ಕಳನ್ನು ಸಾಕಿ ಬರಬೇಕು. ಇದು ಆಗದಿದ್ದರೆ, ಕನಿಷ್ಠ ಮೂರ್ಖನೊಬ್ಬ ತಮ್ಮನ್ನು ಟಾವೆಲ್ಲಿನಲ್ಲಿ ಸುತ್ತುವಾಗಲಾದರೂ ಒಮ್ಮೆ ಕೆಮ್ಮಬೇಕು.

ಅಂದಿನಿಂದ ಅಮೃತವ್ವ ತೊಟ್ಟಿಲ ಹಗ್ಗವನ್ನು ತನ್ನ ಮುಂಗೈಗೆ ಸುತ್ತಿಕೊಂಡು ಮಲಗುತ್ತಿದ್ದಳು. ನಾನು ಹತ್ತಿರ ಬಂದರೆ ಎಚ್ಚರವಾಗುತ್ತಿದ್ದಳು. ಅವಳದು ತಪ್ಪೆಂದು ಹೇಳುವ ಬಾಯಿ ನನಗಿಲ್ಲ. ಅತ್ತೆಯವರು ನಿನ್ನೆ ಊರಿಗೆ ಹೋದರು. ರಾತ್ರಿ ನಾನು ಕೈ ಉಜ್ಜಿಕೊಂಡು ಕೂಸಿನ ಕತ್ತು ಮುಟ್ಟಿ, ಒಂದು ಕೌದಿ ತೆಗೆದೆ. ಅಮೃತವ್ವ ಕಣ್ಣು ತೆರೆದು ತಾನೂ ಮುಟ್ಟಿ ನೋಡಿದಳು. ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, ಗೋಡೆ ಕಡೆ ಹೊರಳಿ ಮಲಗಿದಳು.

ತಮ್ಮ ವಿಶ್ವಾಸಿಯಾಗಿದ್ದು ಒಂದೇ ರಾತ್ರಿಗೆ ಸಾಕಾದ,
ಪುಂಡಲೀಕಪ್ಪ, ಗುಮಾಸ್ತ

ತಾ.ಕ.: ತಮಗಾಗಿ ಹೊಡೆದ ಮೊಳೆ ಖಾಲಿ ಇದೆಯೆಂದು ತಾವು ಮತ್ತೆ ಆಸೆಪಡಬಾರದು. ಅದಕ್ಕೀಗ ಶಾರದಾಳ ಕುಂಚಿಗೆ ತೂಗುಹಾಕಿದ್ದೇವೆ. ಬೆಳಗಾಗುವವರೆಗೆ ಅದು ಅಲ್ಲಿಂದ ಇಳಿಯಕೂಡದೆಂದು ಅಮೃತವ್ವನ ಆಜ್ಞೆಯಾಗಿದೆ, ಸಹಿಯಿಲ್ಲದೆಯೇ.